ಹಳೆಯ ದಾರಿ, ಹೊಸ ದಾರಿ: ಅಮೆರಿಕದಲ್ಲಿ ಮೊಂಗ್ ಜನರು ಮತ್ತೆ ಕೂಡಿಕೊಂಡ ಬಗೆ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಚರಿತ್ರೆಯ ಉಪನ್ಯಾಸವೆಂದರೆ ಹೊಯ್ಸಳರದೋ ವಿಜಯನಗರದ್ದೋ ಆಗಿರಬೇಕೆಂದು ನಿರೀಕ್ಷಿಸಿ ಬಂದವರಿಗೆ ಇಂದಿನ ವಿಷಯ ತುಸು ವಿಚಿತ್ರವೆನಿಸಬಹುದು. ನಾವು ಇಲ್ಲಿ ಎತ್ತಿಕೊಂಡಿರುವುದು ನಮ್ಮಂತೆಯೇ ಏಷ್ಯದಿಂದ ಈ ದೇಶಕ್ಕೆ ಬಂದ, ಆದರೆ ನಮ್ಮಂತೆ ಬರದೆ ಇದ್ದ, ಒಂದು ಜನಾಂಗದ ಕತೆಯನ್ನು. ನಮ್ಮಲ್ಲಿ ಹೆಚ್ಚಿನವರು 1965ರ ವಲಸೆ ಕಾಯಿದೆಯ ಅನಂತರ ಕೈಯಲ್ಲಿ ಪದವಿಪತ್ರವನ್ನೂ ಜೇಬಿನಲ್ಲಿ ನೌಕರಿಯ ಕಾಗದವನ್ನೂ ಇಟ್ಟುಕೊಂಡು ಬಂದವರು. ಮೊಂಗ್ ಜನರು ಯುದ್ಧದಲ್ಲಿ ಸೋತು, ಮೆಕಾಂಗ್ ನದಿಯನ್ನು ರಾತ್ರೋರಾತ್ರಿ ಈಜಿ ದಾಟಿ, ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದು ಬಂದವರು. ಬಂದ ಮೇಲೆ ಅವರನ್ನು ಒಂದೆಡೆ ಇರಿಸದೆ ದೇಶದ ಉದ್ದಗಲಕ್ಕೂ ಚದುರಿಸಲಾಯಿತು. ಹೀಗೆ ಚದುರಿದವರು ಮತ್ತೆ ಹೇಗೆ ಕೂಡಿಕೊಂಡರು, ಅದರಲ್ಲಿ ಚರ್ಚಿನ ಪಾಲೆಷ್ಟು, ಅವರ ಹರೆಯದ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಹೆಣೆದುಕೊಂಡ ನಂಟಿನ ಪಾಲೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಮೊಂಗರ ಮೂಲ ನೆಲೆ ದಕ್ಷಿಣ ಚೀನದ ಬೆಟ್ಟಸೀಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀ ಆಳರಸರ ಒತ್ತಡ ತಾಳಲಾರದೆ ಅವರಲ್ಲಿ ಹಲವರು ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್‌ಗಳ ಬೆಟ್ಟಗಳಿಗೆ ಇಳಿದು ಬಂದರು. ಕಾಡು ಕಡಿದು ಸುಟ್ಟು ಭತ್ತ, ಜೋಳ ಬೆಳೆಯುವ ಬೇಸಾಯ ಅವರದು. ನಮ್ಮ ಮಲೆನಾಡಿನ ಕುಮರಿ ಬೇಸಾಯವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಸಮಾಜದ ಬೆನ್ನೆಲುಬು ಕುಲ. ವಾಂಗ್, ಶಿಯಾಂಗ್, ಯಾಂಗ್, ಲೀ, ತಾವ್, ಮೂವಾ ಮೊದಲಾದ ಕುಲಗಳು ಅಮೆರಿಕದಲ್ಲಿ ಹದಿನೆಂಟೆಂದು ಲೆಕ್ಕ. ಒಂದೇ ಕುಲದವರು ಅಣ್ಣತಂಗಿಯರಿದ್ದಂತೆ. ಅವರೊಳಗೆ ಮದುವೆ ನಿಷಿದ್ಧ. ನಮ್ಮಲ್ಲಿ ಗೋತ್ರ, ಬಳಿ, ಬೆಡಗು ಎನ್ನುವುದಿಲ್ಲವೇ, ಅದೇ ಬಗೆಯದು. ಇಬ್ಬರು ಅಪರಿಚಿತ ಮೊಂಗರು ಎದುರಾದರೆ ಮೊದಲ ಪ್ರಶ್ನೆ ಕುಲದ್ದೇ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಧರ್ಮ ಅವರಿಗೆ ಗುಡಿಯಲ್ಲಿರಲಿಲ್ಲ, ಮನೆಯಲ್ಲಿತ್ತು. ಮನೆಯ ನಡುಗಂಬ, ಒಲೆ, ಬಾಗಿಲು, ಗೋಡೆಗಳಲ್ಲಿ ಕಾಯುವ ಶಕ್ತಿಗಳಿದ್ದವು. ಮನುಷ್ಯನಿಗೆ ಹಲವು ಆತ್ಮಗಳು, ಹೆದರಿದಾಗ, ದುಃಖಿಸಿದಾಗ ಒಂದು ಆತ್ಮ ಮೈಬಿಟ್ಟು ಅಲೆಯುತ್ತದೆ, ಅದರಿಂದ ಕಾಯಿಲೆ. ‘ಚಿ ನೆಂಗ್’ ಎಂದು ಕರೆಯುವ ಮಂತ್ರಿಕರು ಅದನ್ನು ಹುಡುಕಿ ತರುತ್ತಾರೆ. ಗಂಡುಮಗುವಿನ ಮಾಸನ್ನು ಮನೆಯ ನಡುಗಂಬದ ಬುಡದಲ್ಲಿ, ಹೆಣ್ಣುಮಗುವಿನದನ್ನು ತಂದೆತಾಯಿಯರ ಮಂಚದ ಕೆಳಗೆ ಹೂಳುತ್ತಿದ್ದರು. ಸತ್ತವನ ಆತ್ಮ ತಾನು ಬಾಳಿದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ನಡೆದು ಹುಟ್ಟಿದ ಮನೆಗೆ ಹೋಗಿ, ಅಲ್ಲಿ ಹೂತಿಟ್ಟ ಆ ‘ಅಂಗಿ’ಯನ್ನು ತೊಟ್ಟು ಹಿರಿಯರ ಬಳಿ ಸೇರಬೇಕು. ಶವಸಂಸ್ಕಾರದಲ್ಲಿ ದಿನಗಟ್ಟಲೆ ನಡೆಯುವ ಹಾಡು, ಡೋಲು ಮತ್ತು ‘ಕೆಂಗ್’ ಎಂಬ ಬಿದಿರ ಕೊಳವೆಗಳ ವಾದ್ಯ ಆತ್ಮಕ್ಕೆ ಈ ದಾರಿ ತೋರಿಸುತ್ತವೆ.

ಲಾವೋಸಿನ ಮೊಂಗರ ನಡುವೆ ಕ್ರೈಸ್ತಧರ್ಮ ಬೇರೂರಿದ್ದು ಅಮೆರಿಕದಲ್ಲಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕ್ರಿಶ್ಚಿಯನ್ ಅಂಡ್ ಮಿಷನರಿ ಅಲಯನ್ಸ್ ಸಂಸ್ಥೆಯ ಆಂಡ್ರಿಯಾನಾಫ್ ದಂಪತಿಗಳು ಶಿಯೆಂಗ್ ಖ್ವಾಂಗ್ ಪ್ರಾಂತಕ್ಕೆ ಬಂದುದು 1949ರಲ್ಲಿ. ಮರುವರ್ಷವೇ ಅಲ್ಲಿ ಒಬ್ಬ ಮಂತ್ರಿಕ ಹೊಸ ಧರ್ಮವನ್ನು ಸ್ವೀಕರಿಸಿದ. ಅವನ ಹಿಂದೆ ಮನೆಗೆ ಮನೆ, ಹಳ್ಳಿಗೆ ಹಳ್ಳಿ ಸೇರಿದವು. ಇಲ್ಲಿ ಗಮನಿಸಬೇಕಾದುದು, ಮತಾಂತರವೂ ಕುಟುಂಬದ ನಿರ್ಧಾರವಾಗಿದ್ದಿತೇ ಹೊರತು ಒಬ್ಬೊಬ್ಬರದಾಗಿರಲಿಲ್ಲ.

ಮಿಷನರಿಗಳಿಂದ ಬಂದ ಇನ್ನೊಂದು ವಸ್ತು ಲಿಪಿ. 1951ರಿಂದ 1953ರವರೆಗೆ ವಿಲಿಯಂ ಸ್ಮಾಲಿ ಮತ್ತು ಲಿನ್‌ವುಡ್ ಬಾರ್ನಿ ಎಂಬ ಪ್ರಾಟೆಸ್ಟಂಟರೂ ಈವ್ ಬೆರ್ತ್ರೇ ಎಂಬ ಕ್ಯಾಥೊಲಿಕ್ ಪಾದ್ರಿಯೂ ಮೊಂಗ್ ಜನರ ನೆರವಿನಿಂದ ರೋಮನ್ ಅಕ್ಷರಗಳ ಒಂದು ಬರವಣಿಗೆಯನ್ನು ರೂಪಿಸಿದರು. ಮೊಂಗ್ ಭಾಷೆ ಸ್ವರದ ಏರಿಳಿತದ ಭಾಷೆ. ‘ಪೊ’ ಎಂಬ ಒಂದೇ ಉಲಿ ಸ್ವರ ಬದಲಾದಂತೆ ಚೆಂಡು, ಎಸೆ, ಮುಳ್ಳು, ಅಜ್ಜಿ, ನೋಡು ಎಂದೆಲ್ಲ ಅರ್ಥ ಕೊಡುತ್ತದೆ. ಇದನ್ನು ಬರೆಯುವುದು ಹೇಗೆ? ಅಕ್ಷರಗಳ ನೆತ್ತಿಯ ಮೇಲೆ ಗೆರೆ, ಚುಕ್ಕೆ ಹಾಕುವ ಬದಲು ಇವರು ಒಂದು ಜಾಣ ಉಪಾಯ ಕಂಡುಕೊಂಡರು. ಮೊಂಗ್ ಪದಗಳು ಅನುನಾಸಿಕವನ್ನು ಬಿಟ್ಟರೆ ವ್ಯಂಜನದಲ್ಲಿ ಕೊನೆಗೊಳ್ಳುವುದಿಲ್ಲ. ಆದ್ದರಿಂದ ಪದದ ಕೊನೆಯಲ್ಲಿ ಒಂದು ವ್ಯಂಜನವನ್ನು ಬರೆದು ಅದನ್ನು ಸ್ವರದ ಗುರುತೆಂದು ತಿಳಿಯುವುದು. ಎತ್ತರದ ಸ್ವರಕ್ಕೆ ‘ಬಿ’, ಏರುವ ಸ್ವರಕ್ಕೆ ‘ವಿ’, ತಗ್ಗಿಗೆ ‘ಎಸ್’. ‘ಮೊಂಗ್’ ಎಂಬ ಹೆಸರನ್ನೇ ಅವರು ‘ಎಚ್, ಎಂ, ಓ, ಓ, ಬಿ’ ಎಂದು ಬರೆಯುತ್ತಾರೆ. ಎರಡು ‘ಓ’ ಅನುನಾಸಿಕಕ್ಕೆ, ‘ಬಿ’ ಸ್ವರಕ್ಕೆ. ಹೀಗಾಗಿ ಮಾಮೂಲಿ ಇಂಗ್ಲಿಷ್ ಬೆರಳಚ್ಚು ಯಂತ್ರವೊಂದಿದ್ದರೆ ಸಾಕು, ಇಡೀ ಭಾಷೆಯನ್ನು ಬರೆಯಬಹುದು. ನಮಗೆ ಮಂಗಳೂರಿನ ಬಾಸೆಲ್ ಮಿಷನ್ ನೆನಪಾಗುವುದು ಸಹಜ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು, ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕಗಳು ಎಲ್ಲವೂ ಆ ಮುದ್ರಣಾಲಯದ ಸುತ್ತ ಬಂದವು. ಮತಪ್ರಚಾರಕ್ಕೆಂದು ತಂದ ಹತಾರ ಬೇರೆ ಕೆಲಸಕ್ಕೂ ಒದಗುತ್ತದೆ. ಹೊರಗಿನವರೇ ಲಿಪಿ ಕೊಡಬೇಕೆಂದೇನೂ ಇಲ್ಲವೆನ್ನಿ: 1959ರಲ್ಲಿ ಶಾಂಗ್ ಲೂ ಯಾಂಗ್ ಎಂಬ ಓದುಬರಹ ತಿಳಿಯದ ರೈತ ತನ್ನ ಭಾಷೆಗೆ ತಾನೇ ‘ಪಹಾ’ ಎಂಬ ಸ್ವತಂತ್ರ ಲಿಪಿಯನ್ನು ನಿರ್ಮಿಸಿದ. ಜಗತ್ತಿನ ಬರವಣಿಗೆಯ ಚರಿತ್ರೆಯಲ್ಲಿ ಇಂಥ ಉದಾಹರಣೆಗಳು ಬೆರಳೆಣಿಕೆಯವು. 1971ರಲ್ಲಿ ಆತನ ಕೊಲೆಯಾಯಿತು.

ಯುದ್ಧದ ಕತೆಯನ್ನು ಚುಟುಕಾಗಿ ಹೇಳುತ್ತೇವೆ. 1961ರಿಂದ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಲಾವೋಸಿನಲ್ಲಿ ವಾಂಗ್ ಪಾವ್ ಎಂಬ ಮೊಂಗ್ ಸೇನಾನಿಯ ಕೈಕೆಳಗೆ ಗುಪ್ತ ಸೈನ್ಯವೊಂದನ್ನು ಕಟ್ಟಿತು. ಕೊನೆಯ ವರ್ಷಗಳಲ್ಲಿ ಹದಿಮೂರು ಹದಿನಾಲ್ಕರ ಹುಡುಗರೂ ಬಂದೂಕು ಹೊತ್ತರು. 1975ರ ಮೇ ತಿಂಗಳಲ್ಲಿ ಲಾಂಗ್ ಚೆಂಗ್ ನೆಲೆಯಿಂದ ಸೇನಾನಿಯನ್ನೂ ಎರಡೂವರೆ ಸಾವಿರದಷ್ಟು ಜನರನ್ನೂ ವಿಮಾನದಲ್ಲಿ ಸಾಗಿಸಲಾಯಿತು. ಉಳಿದವರು ರನ್‌ವೇಯಲ್ಲಿ ನಿಂತು ನೋಡಿದರು. ಬಳಿಕ ಅವರು ಕಾಲ್ನಡಿಗೆಯಲ್ಲಿ ಹೊರಟು, ದಾರಿಯಲ್ಲಿ ಅನೇಕರನ್ನು ಕಳೆದುಕೊಂಡು, ಥಾಯ್ಲೆಂಡಿನ ಬಾನ್ ವಿನಾಯ್ ಮುಂತಾದ ಶಿಬಿರಗಳನ್ನು ಸೇರಿದರು.

ಚರ್ಚಿನ ನಿಜವಾದ ಪಾತ್ರ ಪ್ರಾರಂಭವಾಗುವುದು ಇಲ್ಲಿಂದ. ನಿರಾಶ್ರಿತರನ್ನು ಕರೆತರುವ ನಿರ್ಧಾರ ಅಮೆರಿಕ ಸರ್ಕಾರದ್ದಾದರೂ ನೆಲೆಗೊಳಿಸುವ ಕೆಲಸವನ್ನು ಅದು ಸ್ವಯಂಸೇವಾ ಸಂಸ್ಥೆಗಳಿಗೆ ಒಪ್ಪಿಸಿತು. ಅವುಗಳಲ್ಲಿ ಬಹುಪಾಲು ಕ್ಯಾಥೊಲಿಕ್, ಲೂಥರನ್ ಮೊದಲಾದ ಚರ್ಚುಗಳಿಗೆ ಸೇರಿದವು. ಒಂದೂರಿನ ಒಂದು ಸಭೆ ಒಂದು ಕುಟುಂಬದ ಹೊಣೆ ಹೊರುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಎದುರುಗೊಂಡು, ಮನೆ ಹುಡುಕಿ, ಚಳಿಯಂಗಿ ತೊಡಿಸಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಗಂಡಸಿಗೆ ಕೂಲಿ ಕೆಲಸ ಕೊಡಿಸುವವರೆಗೆ ಎಲ್ಲವೂ ಅವರದೇ. 1980ರ ನಿರಾಶ್ರಿತರ ಕಾಯಿದೆ ಈ ಏರ್ಪಾಡನ್ನು ಗಟ್ಟಿಗೊಳಿಸಿತು. ಆ ಒಂದೇ ವರ್ಷ ಸುಮಾರು 27,000 ಮೊಂಗರು ಬಂದರು. ಯಾವ ಒಂದು ಊರಿನ ಮೇಲೂ ಭಾರ ಬೀಳಬಾರದೆಂಬ ನೀತಿಯಿಂದ ಅವರನ್ನು ಹತ್ತಾರು ರಾಜ್ಯಗಳಿಗೆ ಹಂಚಲಾಯಿತು. ಅಣ್ಣ ಒಂದೆಡೆ, ತಮ್ಮ ಸಾವಿರ ಮೈಲಿ ಆಚೆ. ನಮ್ಮ ಕರ್ನಾಟಕದಲ್ಲಿ 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟ್ಟಿನವರಿಗೆ ನೆಲ ಕೊಟ್ಟಾಗ ಅವರನ್ನು ಊರುಕೇರಿ ಸಮೇತ ಒಟ್ಟಿಗೆ ಇರಿಸಲಾಯಿತು. ಅವರ ಮಠಗಳೂ ಅಲ್ಲಿಯೇ ಎದ್ದವು. ಎರಡು ನೀತಿಗಳ ಪರಿಣಾಮ ಎಷ್ಟು ಬೇರೆಯಾಯಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳು ಕುಳಿತು ಯೋಚಿಸತಕ್ಕ ವಿಷಯ.

ನಮ್ಮ ಯುಗಾದಿ, ದೀಪಾವಳಿಗಳೂ ಈ ದೇಶದ ಎಷ್ಟೋ ಊರುಗಳಲ್ಲಿ ಚರ್ಚಿನ ನೆಲಮಾಳಿಗೆಯ ಹಾಲಿನಲ್ಲೇ ನಡೆದಿವೆ. ಆದರೆ ನಾವು ಬಾಡಿಗೆ ಕೊಟ್ಟು, ನೆಲ ಗುಡಿಸಿ, ಬೀಗದ ಕೈ ಹಿಂದಿರುಗಿಸಿ ಮನೆಗೆ ಬಂದವರು. ಅನ್ನ, ಮನೆ, ಕೆಲಸ ಎಲ್ಲವನ್ನೂ ಕೊಟ್ಟ ಮಂದಿ ಭಾನುವಾರ ಬೆಳಿಗ್ಗೆ ಕಾರು ತಂದು ಬಾಗಿಲಲ್ಲಿ ನಿಂತರೆ ಬರುವುದಿಲ್ಲವೆನ್ನುವುದು ಸುಲಭವೇ? ಹೆಚ್ಚಿನ ಪ್ರಾಯೋಜಕರು ಮತಾಂತರಕ್ಕೆ ಒತ್ತಾಯಿಸಲಿಲ್ಲವೆಂಬುದು ನಿಜ. ಸರ್ಕಾರದ ನಿಯಮವೂ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಆದರೂ ಕೃತಜ್ಞತೆಗೆ ತನ್ನದೇ ಒತ್ತಾಯವಿರುತ್ತದೆ. ಮೆಲಿಸ್ಸಾ ಬೋರ್ಹಾ ಎಂಬ ಇತಿಹಾಸಕಾರ್ತಿ 2023ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಶೋಧಿಸಿದ್ದಾರೆ. ಮೊಂಗರು ತಮ್ಮ ಪೂರ್ವಿಕರ ಆಚಾರವನ್ನು ‘ಹಳೆಯ ದಾರಿ’ ಎಂದೂ ಕ್ರೈಸ್ತಧರ್ಮವನ್ನು ‘ಹೊಸ ದಾರಿ’ ಎಂದೂ ಕರೆಯುತ್ತಾರೆ. ಇವೆರಡರ ನಡುವೆ ಬೇಲಿ ಇರಲೇಬೇಕೆಂದು ಅನೇಕರಿಗೆ ಮೊದಮೊದಲು ತೋಚಲೇ ಇಲ್ಲ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು ಸಂಜೆ ಮಗುವಿನ ಆತ್ಮ ಕರೆಯುವ ಶಾಸ್ತ್ರ ಮಾಡುವುದು ಅವರಿಗೆ ಅಸಂಗತವೆನಿಸಲಿಲ್ಲ.

ಇನ್ನೊಂದು ಕಡೆ, ಹಳೆಯ ದಾರಿಯಲ್ಲಿ ನಡೆಯುವುದೇ ಇಲ್ಲಿ ಕಷ್ಟವಾಗಿದ್ದಿತು. ಅಪಾರ್ಟ್‌ಮೆಂಟಿನಲ್ಲಿ ಹಂದಿ ಬಲಿ ಕೊಡುವುದೆಲ್ಲಿ? ಮೂರು ದಿನ ಡೋಲು ಬಾರಿಸಿದರೆ ನೆರೆಯವರು ಸುಮ್ಮನಿರುವರೇ? ಶವವನ್ನು ಕತ್ತರಿಸಿದರೆ ಆತ್ಮಕ್ಕೆ ಗತಿಯಿಲ್ಲವೆಂದು ನಂಬಿದ ಮೊಂಗ್ ದಂಪತಿಗಳು ರೋಡ್ ಐಲೆಂಡಿನಲ್ಲಿ ತಮ್ಮ ಮಗನ ಶವಪರೀಕ್ಷೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. 1990ರ ಆರಂಭದಲ್ಲಿ ತೀರ್ಪು ಅವರ ಪರವಾಗಿಯೇ ಬಂದಿತು. ಆದರೆ ಅದೇ ವರ್ಷ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ ಧಾರ್ಮಿಕ ವಿನಾಯಿತಿಯ ವ್ಯಾಪ್ತಿಯನ್ನು ಕುಗ್ಗಿಸಿದ್ದರಿಂದ ಅದೇ ನ್ಯಾಯಾಧೀಶರು ವಿಷಾದದಿಂದ ತಮ್ಮ ತೀರ್ಪನ್ನು ಹಿಂತೆಗೆದುಕೊಂಡರು. 1977ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಆಗ್ನೇಯ ಏಷ್ಯದ ನೂರಕ್ಕೂ ಹೆಚ್ಚು ನಿರಾಶ್ರಿತರು, ಬಹುತೇಕ ಎಲ್ಲರೂ ಗಟ್ಟಿಮುಟ್ಟಾದ ಗಂಡಸರು, ನಿದ್ದೆಯಲ್ಲೇ ಸತ್ತರು. ಅವರಲ್ಲಿ ಮೊಂಗರೇ ಅನೇಕರು. ಹೃದಯದ ಬಡಿತಕ್ಕೆ ಸಂಬಂಧಿಸಿದ ವಂಶಪಾರಂಪರ್ಯ ದೋಷವೊಂದನ್ನು ವೈದ್ಯರು ಮುಂದೆ ಗುರುತಿಸಿದರು. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ಊರಿನಲ್ಲಿ ಮೊಂಗರೊಡನೆ ಮಾತನಾಡಿದ ಶೆಲ್ಲಿ ಆಡ್ಲರ್ ಎಂಬ ವಿದ್ವಾಂಸೆ ಅದಕ್ಕೆ ಮತ್ತೊಂದನ್ನು ಸೇರಿಸುತ್ತಾರೆ. ರಾತ್ರಿ ಎದೆಯ ಮೇಲೆ ಕೂರುವ ಭೂತವನ್ನು ತಡೆಯುವ ಶಾಸ್ತ್ರಗಳನ್ನು ಮಾಡಲಾಗಲಿಲ್ಲವೆಂಬ ಅಂಜಿಕೆಯೂ ಆ ದುರ್ಬಲ ಹೃದಯಗಳಿಗೆ ಪೆಟ್ಟು ಕೊಟ್ಟಿರಬೇಕೆಂಬುದು ಅವರ ವಾದ. ನಮಗೆ ಆ ವಾದ ತಳ್ಳಿಹಾಕುವಂಥದೆನಿಸುವುದಿಲ್ಲ.

ಚರ್ಚು ಸೇರಿದವರಿಗೆ ಲಾಭವಿತ್ತು, ಸಂಗವಿತ್ತು. ಲಾವೋಸಿನಿಂದಲೇ ಕ್ರೈಸ್ತರಾಗಿ ಬಂದ ಮೊಂಗ್ ಪಾದ್ರಿಗಳು ಬೇಗನೆ ತಮ್ಮದೇ ಸಭೆಗಳನ್ನು ಕಟ್ಟಿ, ಬಿಳಿಯರ ಚರ್ಚುಗಳಲ್ಲಿ ಮಧ್ಯಾಹ್ನದ ಹೊತ್ತು ಜಾಗ ಪಡೆದು, ಕ್ರಮೇಣ ಸ್ವಂತ ಕಟ್ಟಡಗಳನ್ನು ಎಬ್ಬಿಸಿದರು. ಅಲಯನ್ಸ್ ಸಂಸ್ಥೆಯಲ್ಲಿ ಮೊಂಗರದೇ ಒಂದು ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಆದರೆ ಬೆಲೆ ತೆತ್ತದ್ದು ಸಾವಿನ ಮನೆಯಲ್ಲಿ. ತಂದೆ ಹಳೆಯ ದಾರಿಯವನು, ಮಗ ಹೊಸ ದಾರಿಯವನು ಎಂದಿಟ್ಟುಕೊಳ್ಳಿ. ತಂದೆ ಸತ್ತಾಗ ಧೂಪ ಹಿಡಿದು ಬಾಗಬೇಕಾದವನು ಮಗನೇ. ಹಸು ಬಲಿ ಕೊಡಬೇಕಾದವನೂ ಅವನೇ. ಚರ್ಚು ಬೇಡವೆನ್ನುತ್ತದೆ. ಹಾಗಾದರೆ ತಂದೆಗೆ ದಾರಿ ತೋರಿಸುವವರು ಯಾರು? ಪಿಂಡ, ತರ್ಪಣಗಳ ಸುತ್ತ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಬಲ್ಲವರಿಗೆ ಈ ಸಂಕಟ ಪರಕೀಯವಲ್ಲ. ಈ ಒಂದು ಪ್ರಶ್ನೆಯ ಮೇಲೆ ಒಡೆದ ಮೊಂಗ್ ಕುಟುಂಬಗಳು ಅನೇಕ.

ಚದುರಿಸುವ ನೀತಿ ಬಹುಕಾಲ ನಿಲ್ಲಲಿಲ್ಲ. ಪ್ರಾಯೋಜಕರಿಗೆ ಅಚ್ಚರಿಯಾಗುವಂತೆ ಕುಟುಂಬಗಳು ಗಂಟುಮೂಟೆ ಕಟ್ಟಿ ಕುಲದವರಿದ್ದಲ್ಲಿಗೆ ಹೊರಟವು. ಫ್ರೆಸ್ನೋ, ಮರ್ಸೆಡ್, ಸೇಂಟ್ ಪಾಲ್, ಮಿಲ್ವಾಕಿ, ವಾಸಾ ಊರುಗಳು ಹೀಗೆ ಮೊಂಗರ ನೆಲೆಗಳಾದವು. 1990ರ ಜನಗಣತಿಯಲ್ಲಿ ಸುಮಾರು 90,000ವಿದ್ದವರು 2010ರಲ್ಲಿ 2,60,000ವನ್ನು ಮುಟ್ಟಿದ್ದರು. ಈ ಮರುವಲಸೆಗೆ ದಾರಿಮಾಡಿದ್ದು ದೂರವಾಣಿ ಮತ್ತು ಕ್ಯಾಸೆಟ್. ಓದಲು ಬಾರದ ಹಿರಿಯರು ಟೇಪಿನಲ್ಲಿ ಮಾತನಾಡಿ, ಅತ್ತು, ಹಾಡಿ ಅದನ್ನೇ ಕಾಗದವೆಂದು ಬಾನ್ ವಿನಾಯ್‌ಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಉತ್ತರವಾಗಿ ಇನ್ನೊಂದು ಟೇಪು. ಫ್ರಾನ್ಸ್, ಆಸ್ಟ್ರೇಲಿಯ, 1977ರಲ್ಲಿ ಮೊಂಗರು ಹೋಗಿ ನೆಲೆಸಿದ ಫ್ರೆಂಚ್ ಗಯಾನದ ಕಕಾವೊ ಹಳ್ಳಿಯವರೆಗೂ ಈ ನಂಟು ಹಬ್ಬಿತ್ತು. ಮಕ್ಕಳ ಕೈಗೆ ಅಂತರಜಾಲ ಬರುವ ಎಷ್ಟೋ ಮೊದಲೇ ಹಿರಿಯರು ದೂರದ ದನಿಗಳೊಡನೆ ಬಾಳುವುದನ್ನು ಕಲಿತಿದ್ದರು.

ಈಗ ಮಕ್ಕಳ ವಿಷಯ. ಶಿಬಿರದಲ್ಲಿ ಹುಟ್ಟಿ ಇಲ್ಲಿ ಬೆಳೆದ ಪೀಳಿಗೆಯ ಮೇಲೆ ಬಿದ್ದ ಹೊರೆ ಸಾಮಾನ್ಯವಾದುದಲ್ಲ. ಆಸ್ಪತ್ರೆ, ಬಾಡಿಗೆ, ಸರ್ಕಾರಿ ಕಚೇರಿ, ಎಲ್ಲೆಡೆಯೂ ಹತ್ತು ವರ್ಷದ ಹುಡುಗಿಯೇ ತಾಯಿಗೆ ದುಭಾಷಿ. ಅದೇ ಹುಡುಗಿ ಹದಿನೈದಕ್ಕೆ ಬಂದಾಗ ಗೆಳತಿಯ ಮನೆಗೆ ಹೋಗಲು ಅಪ್ಪಣೆ ಇಲ್ಲ. ಹೆಣ್ಣುಮಕ್ಕಳ ಹೆಸರು ಕೆಟ್ಟರೆ ಕುಲದ ಹೆಸರು ಕೆಟ್ಟಂತೆ. ತನ್ನ ಮನಸ್ಸನ್ನು ಮೊಂಗ್ ಭಾಷೆಯಲ್ಲಿ ಹೇಳಿಕೊಳ್ಳುವಷ್ಟು ಮಾತು ಅವಳಿಗಿಲ್ಲ. ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವಷ್ಟು ತಾಯಿಗಿಲ್ಲ. 1998ರಿಂದ 2001ರವರೆಗಿನ ಅವಧಿಯಲ್ಲಿ ಫ್ರೆಸ್ನೋದಲ್ಲಿ ಎಂಟು ಮಂದಿ ಮೊಂಗ್ ಹರೆಯದವರು ಆತ್ಮಹತ್ಯೆ ಮಾಡಿಕೊಂಡರು. ಆ ಊರಿನ ಪತ್ರಿಕೆ 2002ರಲ್ಲಿ ಈ ಬಗ್ಗೆ ದೀರ್ಘ ವರದಿ ಪ್ರಕಟಿಸಿದಾಗ ಮೊಂಗ್ ಸಮಾಜವೇ ತಲ್ಲಣಿಸಿತು. ನಮ್ಮ ಮನೆಗಳಲ್ಲೂ ‘ಮಗ ರೂಮಿನ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿರುತ್ತಾನೆ’ ಎಂಬ ದೂರು ಕೇಳಿಬರುವುದುಂಟು. ಆ ಬಾಗಿಲ ಹಿಂದೆ ಏನು ನಡೆಯುತ್ತಿತ್ತೆಂದು ವಿದ್ವಾಂಸರು ಕೇಳಿ ತಿಳಿದುದನ್ನು ನೋಡೋಣ.

ಡಾನಾ ಬಾಯ್ಡ್ ಎಂಬ ಸಂಶೋಧಕಿ ಹಲವು ರಾಜ್ಯಗಳ ಹರೆಯದವರೊಡನೆ ಮಾತನಾಡಿ 2014ರಲ್ಲಿ ಒಂದು ಪುಸ್ತಕ ಬರೆದರು. ಅದು ಮೊಂಗರ ಕುರಿತಾದದ್ದಲ್ಲ, ಅಮೆರಿಕದ ಮಕ್ಕಳೆಲ್ಲರ ಕುರಿತಾದದ್ದು. ಅವರ ಮುಖ್ಯ ಮಾತಿದು: ಮಕ್ಕಳು ಯಂತ್ರದ ಮೋಹಕ್ಕೆ ಬಿದ್ದವರಲ್ಲ, ಗೆಳೆಯರ ಮೋಹಕ್ಕೆ ಬಿದ್ದವರು. ಬೀದಿಯಲ್ಲಿ ಅಲೆಯಲು, ಮೈದಾನದಲ್ಲಿ ಸೇರಲು ಹಿರಿಯರು ಬಿಡದಿದ್ದಾಗ ಉಳಿದ ಕಟ್ಟೆ ಅಂತರಜಾಲವೊಂದೇ. ಎದುರಾಬದುರು ಕೂರಲು ಅವಕಾಶವಿದ್ದರೆ ಅವರು ಅದನ್ನೇ ಆರಿಸುತ್ತಿದ್ದರು. ಈ ಮಾತನ್ನು ಮೊಂಗ್ ಹುಡುಗಿಗೆ ಅನ್ವಯಿಸಿದರೆ ಅದಕ್ಕೆ ಇನ್ನಷ್ಟು ಕಸುವು ಬರುತ್ತದೆ. ತಂದೆತಾಯಿಗಳು ಎರಡು ಮಾತಿಲ್ಲದೆ ಕಳಿಸಿಕೊಡುವ ಜಾಗ ಅವಳಿಗೆ ಎಷ್ಟಿತ್ತು? ಶಾಲೆ, ನೆಂಟರ ಮನೆ, ಮತ್ತು ಹೊಸ ದಾರಿಯ ಮನೆಯಾದರೆ ಚರ್ಚು. ಅಲ್ಲಿನ ಯುವಕ ಯುವತಿಯರ ಕೂಟ, ಗಾಯನ ತಂಡ, ಬೇಸಿಗೆಯ ಶಿಬಿರಗಳಲ್ಲಿ ಬೇರೆ ಬೇರೆ ಕುಲಗಳ ಮಕ್ಕಳು ಒಂದೇ ಸೂರಿನಡಿ ಹಿರಿಯರ ಕಣ್ಗಾವಲಿನಲ್ಲೇ ಕಲೆಯಬಹುದಾಗಿತ್ತು. ಶಿಬಿರ ಮುಗಿದು ಊರೂರಿಗೆ ಹಿಂದಿರುಗಿದ ಮೇಲೆ ಗೆಳೆತನವನ್ನು ಉಳಿಸಿಕೊಳ್ಳುವ ಬಗೆ? 1996ರಲ್ಲಿ ಐಸಿಕ್ಯೂ ಬಂದಿತು, 1997ರಲ್ಲಿ ಎ.ಓ.ಎಲ್. ಕಂಪನಿಯ ತತ್‌ಕ್ಷಣದ ಸಂದೇಶವ್ಯವಸ್ಥೆ, 2003ರಲ್ಲಿ ಮೈಸ್ಪೇಸ್. ಇವೆಲ್ಲ ಇಂದು ಮುಚ್ಚಿವೆ ಇಲ್ಲವೇ ಮೂಲೆ ಸೇರಿವೆ. ಅಂದಿನ ಮಕ್ಕಳಿಗೆ ಅವೇ ಜಗಲಿ.

ಹಳೆಯ ಕಾಲದ ಮೊಂಗ್ ಪ್ರಣಯವನ್ನು ಬಲ್ಲವರಿಗೆ ಇದರಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಲಾವೋಸಿನ ಹಳ್ಳಿಯಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗ ಹುಡುಗಿಯ ಮನೆಯ ಹೊರಗೋಡೆಗೆ ಬಂದು ನಿಲ್ಲುತ್ತಿದ್ದ. ತುಟಿಗಿಟ್ಟು ನುಡಿಸುವ, ನಮ್ಮ ಮೋರ್ಚಿಂಗಿನ ಜಾತಿಯ ಪುಟ್ಟ ವಾದ್ಯದಲ್ಲಿ ಮೆಲ್ಲನೆ ಮಾತಿನ ಧಾಟಿಯನ್ನು ನುಡಿಸುತ್ತಿದ್ದ. ಒಳಗಿನಿಂದ ಅವಳ ಪಿಸುಮಾತು. ನಡುವೆ ಗೋಡೆ, ಮುಖ ಕಾಣುತ್ತಿರಲಿಲ್ಲ. ಹೊಸವರ್ಷದ ಹಬ್ಬದಲ್ಲಿ ಹಗಲು ಹೊತ್ತು ಸಾಲಾಗಿ ನಿಂತು ಚೆಂಡು ಎಸೆದಾಡುವುದೂ ಇತ್ತು. ಆದರೆ ಬೇರೆ ಕುಲದವರೊಡನೆ ಮಾತ್ರ. ಮಧ್ಯರಾತ್ರಿ ಗಣಕದ ತೆರೆಯಲ್ಲಿ ಸಾಗುವ ಸಂಭಾಷಣೆಗೆ ಆ ಗೋಡೆಯ ಪಿಸುಮಾತು ಹತ್ತಿರದ ನಂಟೇ. ಅಂತರಜಾಲದಲ್ಲಿ ಪರಿಚಯವಾದವರಿಗೂ ಕುಲದ ಹೆಸರು ತಿಳಿಯದೆ ಮುಂದಿನ ಹೆಜ್ಜೆಯಿಲ್ಲ. ಒಂದೇ ಕುಲವೆಂದು ತಿಳಿದರೆ ಅಲ್ಲಿಗೆ ಅದು ಅಣ್ಣತಂಗಿಯರ ಮಾತು. ಚರ್ಚು ಸೇರಿದವರೂ ಈ ಕಟ್ಟಳೆಯನ್ನು ಬಿಟ್ಟಿಲ್ಲ. ಹಳೆಯ ದಾರಿಯಿಂದ ಹೊಸ ದಾರಿಗೆ ಬಂದವರು ಬಿಡದೆ ಹೊತ್ತು ತಂದ ಸಾಮಾನಿದು.

ಲಿಪಿಯ ಮಾತಿಗೆ ಮತ್ತೆ ಬರೋಣ. ಚರ್ಚಿನ ಮಕ್ಕಳು ಮೊಂಗ್ ಓದಲು ಕಲಿತದ್ದು ಸ್ತೋತ್ರದ ಪುಸ್ತಕ, ಬೈಬಲ್‌ಗಳಿಂದ. ಆ ಬರವಣಿಗೆಗೆ ಬೇಕಾದುದು ಇಂಗ್ಲಿಷ್ ಕೀಲಿಮಣೆ ಮಾತ್ರವೆಂದು ಆಗಲೇ ಹೇಳಿದೆವು. ಆದ್ದರಿಂದ ಅಂತರಜಾಲ ಬಂದ ಮೊದಲ ದಿನದಿಂದಲೇ ಅವರು ತಮ್ಮ ಭಾಷೆಯನ್ನು ಪೂರ್ಣವಾಗಿ, ಸ್ವರಸಮೇತ ಬರೆಯಲು ಶಕ್ತರಾಗಿದ್ದರು. ಸಾವಿರದೈನೂರು ವರ್ಷಗಳ ಶಾಸನ ಪರಂಪರೆಯುಳ್ಳ ನಾವು ಆಗ ಏನು ಮಾಡುತ್ತಿದ್ದೆವು? ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಅವರವರಿಗೆ ತೋಚಿದಂತೆ ಬರೆದು, ಓದುವವರು ‘ಅಲೆ’ಯೋ ‘ಆಳೆ’ಯೋ ಎಂದು ಊಹಿಸಿಕೊಳ್ಳಲು ಬಿಡುತ್ತಿದ್ದೆವು. 1998ರಲ್ಲಿ ‘ಬರಹ’ ತಂತ್ರಾಂಶ ಬಂದಾಗ ಪರದೇಶದ ಕನ್ನಡಿಗರು ಪಟ್ಟ ಸಂತೋಷವನ್ನು ನೆನೆದರೆ, ಹಾಡುಹಸೆಯ ಜನರಾದ ಮೊಂಗರು ಈ ಒಂದು ವಿಷಯದಲ್ಲಿ ನಮಗಿಂತ ಮುಂದಿದ್ದರೆಂಬುದನ್ನು ಒಪ್ಪಬೇಕಾಗುತ್ತದೆ.

ಓದು ಬಾರದ ಹಿರಿಯರು ಹಿಂದುಳಿಯಲಿಲ್ಲವೆಂಬುದೂ ಗಮನಾರ್ಹ. ಅನೇಕರು ಒಟ್ಟಿಗೆ ಕರೆಮಾಡಿ ಮಾತನಾಡಬಹುದಾದ ಉಚಿತ ದೂರವಾಣಿ ಸೇವೆಗಳನ್ನು ಅವರು ಆಕಾಶವಾಣಿಯಂತೆ ಬಳಸಿಕೊಂಡರು. ಅಡಿಗೆ ಮಾಡುತ್ತಲೋ ಹೊಲಿಗೆ ಹಾಕುತ್ತಲೋ ಅಜ್ಜಿಯಂದಿರು ಫೋನನ್ನು ಕಿವಿಗಿಟ್ಟು ದೇಶದ ಇನ್ನೊಂದು ತುದಿಯ ಕಾರ್ಯಕ್ರಮ ಕೇಳುತ್ತಾರೆ, ಬೇಕೆನಿಸಿದಾಗ ನಡುವೆ ತಾವೂ ಮಾತನಾಡುತ್ತಾರೆ. ಪ್ರತಿವರ್ಷ ಜುಲೈ ನಾಲ್ಕರ ಸುಮಾರಿಗೆ ಸೇಂಟ್ ಪಾಲ್‌ನ ಕೋಮೋ ಪಾರ್ಕಿನಲ್ಲಿ ನಡೆಯುವ ಕ್ರೀಡಾಮೇಳಕ್ಕೆ, ಚಳಿಗಾಲದಲ್ಲಿ ಫ್ರೆಸ್ನೋದ ಹೊಸವರ್ಷಕ್ಕೆ ಸಹಸ್ರಾರು ಮಂದಿ ಸೇರುತ್ತಾರೆ. ತೆರೆಯ ಮೇಲಿನ ಗೆಳೆಯರು ಮೈದಾನದಲ್ಲಿ ಎದುರಾಗುವುದು ಅಲ್ಲಿ. 2021ರಲ್ಲಿ ಸೇಂಟ್ ಪಾಲ್‌ನ ಸುನಿ ಲೀ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಾಗ, ಮಿನೆಸೋಟದಲ್ಲಿ ಒಟ್ಟಾಗಿ ಕುಳಿತು ನೋಡುತ್ತಿದ್ದ ಅವಳ ಬಂಧುಬಳಗ ಎದ್ದು ಕುಣಿದ ಚಿತ್ರವನ್ನು ಜಗತ್ತೆಲ್ಲ ನೋಡಿತು.

ಸೇಂಟ್ ಪಾಲ್‌ನಲ್ಲಿ 1992ರಲ್ಲಿ ಸ್ಥಾಪಿತವಾದ ಮೊಂಗ್ ಸಾಂಸ್ಕೃತಿಕ ಕೇಂದ್ರದಲ್ಲಿ ಕೆಂಗ್ ವಾದನವನ್ನೂ ಸಾವಿನ ಹಾಡುಗಳನ್ನೂ ಕಲಿಸುತ್ತಾರೆ. ಕೆಂಗ್ ಬರಿಯ ಸಂಗೀತವಲ್ಲ; ಅದರ ಒಂದೊಂದು ಸ್ವರವೂ ಮೊಂಗ್ ಭಾಷೆಯ ಒಂದೊಂದು ಪದದ ಏರಿಳಿತಕ್ಕೆ ನಿಂತು ಮಾತನಾಡುತ್ತದೆ. ಬಲ್ಲವರಿಗೆ ಅದು ವಾಕ್ಯವಾಗಿ ಕೇಳಿಸುತ್ತದೆ. ಈಗ ಅದರ ಪಾಠಗಳು ಅಂತರಜಾಲದ ವೀಡಿಯೊಗಳಲ್ಲೂ ದೊರೆಯುತ್ತವೆ. ದಾರಿ ತೋರಿಸುವ ಹಾಡಿನಲ್ಲಿ ಸತ್ತವರು ಬಾಳಿದ ಊರುಗಳನ್ನೆಲ್ಲ ಹಿಂದುಮುಂದಾಗಿ ಹೆಸರಿಸಬೇಕಲ್ಲವೇ. ಆದ್ದರಿಂದ ಆ ಹಾಡು ಈಗ ಸೇಂಟ್ ಪಾಲ್‌ನಿಂದ ಹೊರಟು, ಮೊದಲು ಇಳಿದ ಯಾವುದೋ ಸಣ್ಣ ಊರನ್ನು ಹಾದು, ಬಾನ್ ವಿನಾಯ್ ಶಿಬಿರಕ್ಕೆ ಬಂದು, ಮೆಕಾಂಗ್ ದಾಟಿ ಲಾವೋಸಿನ ಬೆಟ್ಟ ಹತ್ತುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಸರದಿ ಬಂದಾಗ ಅದು ಎಲ್ಲಿಗೆ ಹೋಗಿ ನಿಲ್ಲಬೇಕೆಂಬುದನ್ನು ಹಾಡುವವರು ಇನ್ನೂ ತಮ್ಮತಮ್ಮೊಳಗೆ ಚರ್ಚಿಸುತ್ತಿದ್ದಾರೆ.